ಬ್ಲಾಕಿನಲ್ಲಿ ಉಳಿದ ನೀರು

ನನ್ನನ್ನು ಕಂಡರೆ ಭಾವನಿಗೆ ಆಗುತ್ತಿರಲಿಲ್ಲ. ಭಾವನನ್ನು ಕಂಡರೆ ನನಗೂ ಅಷ್ಟೇ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ನಡುವೆ ಸಿಕ್ಕಿಕೊಂಡಿದ್ದ ಅಕ್ಕನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಭಾವ ಮೈಸೂರಿನವರು. 2004ರಲ್ಲೇ ಆಮ್ಸ್ಟರ್‌ಡ್ಯಾಮಿಗೆ ಬಂದು, ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಮೇಲೆ ಮೇಲೆ ಹತ್ತಿದವರು. ನಾನು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಪೀಣ್ಯದಲ್ಲಿ ಆರು ವರ್ಷ ಡೀಸೆಲ್ ಜನರೇಟರ್‌ಗಳ ಸರ್ವಿಸ್ ಮಾಡಿದವನು. ನಡುವೆ ಸಂಜೆ ಕಾಲೇಜಿನಲ್ಲಿ ಡಿಗ್ರಿ ಮಾಡಿಕೊಂಡು, 2009ರಲ್ಲಿ ಅದೇ ದೇಶದ ಇನ್ನೊಂದು ಊರಾದ ವೆಲ್ಡ್‌ಹೋವನ್‌ಗೆ ಯಂತ್ರ ಜೋಡಿಸುವ ಕೆಲಸಕ್ಕೆ ಬಂದೆ. ನಾನು ಬರುತ್ತೇನೆ ಎಂದಾಗ ಅಕ್ಕ ಕುಣಿದಾಡಿದ್ದಳು. ಭಾವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ವೀಸಾ ಯಾರಪ್ಪಾ ಕೊಟ್ರು?"

ಅದು ತಮಾಷೆ ಎಂದು ಅಕ್ಕ ಸಮಜಾಯಿಷಿ ಹೇಳಿದಳು. ಆಮೇಲೆ ಬಂದ ತಮಾಷೆಗಳಿಗೂ ಅವಳೇ ಸಮಜಾಯಿಷಿ ಹೇಳಬೇಕಾಯಿತು. ಅವರ ಮನೆಯಲ್ಲಿ ದೀಪಾವಳಿಗೆ ಹತ್ತು ಹನ್ನೆರಡು ಕನ್ನಡದ ಕುಟುಂಬಗಳು ಸೇರುತ್ತಿದ್ದವು. ಹೊಸಬರು ಬಂದರೆ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ಇವನು ನಮ್ ಭಾಮೈದ. ಊರಲ್ಲಿ ಜನರೇಟರ್ ರಿಪೇರಿ ಮಾಡ್ಕೊಂಡಿದ್ದ. ಕರೆಂಟ್ ಹೋದ್ರೆ ಇವನನ್ನೇ ಕರೀರಿ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಕ್ರಮೇಣ ನನ್ನ ಹೆಸರೇ ಆ ಮನೆಯಲ್ಲಿ 'ಡೀಸೆಲ್' ಎಂದಾಯಿತು. "ಏನಪ್ಪಾ ಡೀಸೆಲ್, ಟ್ರೈನ್ ಲೇಟಾ?" ಎಂದು ಬಾಗಿಲು ತೆಗೆಯುತ್ತಿದ್ದರು. ಅಕ್ಕನ ಮಗಳೂ ಒಂದು ದಿನ ಡಚ್ ಉಚ್ಚಾರದಲ್ಲಿ ಹಾಗೆಯೇ ಕರೆದಾಗ ಅಕ್ಕ ಅವಳನ್ನು ಗದರಿಸಿದಳು. ಗಂಡನನ್ನು ಗದರಿಸಲಿಲ್ಲ.

ನಾನೇನು ಸಾಧು ಮನುಷ್ಯನಲ್ಲ. ಎಂಟು ವರ್ಷವಾಗುತ್ತ ಬಂದರೂ ಭಾವನಿಗೆ ಡಚ್ ಬರುತ್ತಿರಲಿಲ್ಲ. ನಾನು ಕೆಲಸದ ಜಾಗದಲ್ಲಿ ಮೆಕ್ಯಾನಿಕ್‌ಗಳ ಜೊತೆ ಇದ್ದು ಎರಡು ವರ್ಷದಲ್ಲಿ ಕಲಿತಿದ್ದೆ. ಅಂಗಡಿಯಲ್ಲಿ, ಮುನಿಸಿಪಲ್ ಕಚೇರಿಯಲ್ಲಿ ಅವರು ತಡವರಿಸುವಾಗ ನಾನು ಬೇಕೆಂದೇ ಎರಡು ನಿಮಿಷ ಸುಮ್ಮನಿದ್ದು, ಬೆವರು ಬಂದ ಮೇಲೆ ಬಾಯಿ ಹಾಕುತ್ತಿದ್ದೆ. ಅದರ ರುಚಿ ನನಗೆ ಹತ್ತಿತ್ತು.

2010ರಲ್ಲಿ ಭಾವ ಬೋಟು ತೆಗೆದುಕೊಂಡರು. ಅವರ ಮೇಲಧಿಕಾರಿಯ ಹತ್ತಿರ ಒಂದಿತ್ತು, ಅದಕ್ಕೆ ಇವರಿಗೂ ಬೇಕಾಯಿತು. ಆಮ್ಸ್ಟರ್‌ಡ್ಯಾಮಿನ ದಕ್ಷಿಣಕ್ಕೆ, ಹೂವಿನ ಹರಾಜು ನಡೆಯುವ ಊರಿನ ಪಕ್ಕದ ಕೆರೆಯ ಬೋಟುಕಟ್ಟೆಯಲ್ಲಿ ಅದನ್ನು ಕಟ್ಟಿಡುತ್ತಿದ್ದರು. ಏಳು ಮೀಟರಿನ ಹಳೆಯ ಕಬ್ಬಿಣದ ಬೋಟು. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ನನ್ನ ಪೀಣ್ಯದ ಜನರೇಟರ್‌ಗಳ ಚಿಕ್ಕ ತಮ್ಮನಂತೆ ಡಗಡಗ ಅನ್ನುತ್ತಿತ್ತು. ಭಾವ ಮೂರ್ನಾಲ್ಕು ಸಲ ಸಹೋದ್ಯೋಗಿಗಳನ್ನು ಕೂರಿಸಿ ಸುತ್ತಿಸಿದರು, ಫೋಟೊ ಹಾಕಿದರು, ಆಸಕ್ತಿ ಕಳೆದುಕೊಂಡರು.

ಬೋಟು ಹಿಡಿದುಕೊಂಡವಳು ಅಕ್ಕ. ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಬಂದು ಮನೆಯಲ್ಲಿ ಕೂತಿದ್ದಳು. ಮೊದಲ ಸಲ ಹತ್ತಿದಾಗ ಹೆದರಿ ಕಂಬ ಹಿಡಿದುಕೊಂಡು ನಿಂತಿದ್ದಳಂತೆ. ಆರು ತಿಂಗಳಲ್ಲಿ ಚುಕ್ಕಾಣಿ ಅವಳ ಕೈಯಲ್ಲಿತ್ತು. ಅಂಥ ಸಣ್ಣ ಬೋಟಿಗೆ ಲೈಸೆನ್ಸ್ ಕಡ್ಡಾಯವಲ್ಲ. ಆದರೂ ಡಚ್ ಪುಸ್ತಕ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ಪರೀಕ್ಷೆ ಬರೆದು ಪಾಸಾದಳು. ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೆ ಆ ಬೋಟು ಅವಳದು ಎಂದು ನನ್ನ ತಲೆಗೆ ಹೋಗಿರಲೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಭಾವನ ಬೋಟು, ಭಾವನ ಜಂಬ.

ಮೊದಲ ವರ್ಷ ಚಳಿಗಾಲದ ತಯಾರಿಯನ್ನು ಬೋಟುಕಟ್ಟೆಯವರೇ ಮಾಡಿದ್ದರು. ಎರಡನೆಯ ವರ್ಷ, 2011ರ ಅಕ್ಟೋಬರ್ ಕೊನೆಯಲ್ಲಿ, ತಾನೇ ಮಾಡುತ್ತೇನೆ ಎಂದು ಭಾವ ಹೊರಟರು. ಅಕ್ಕ ನನಗೆ ಫೋನ್ ಮಾಡಿದಳು.

"ಶನಿವಾರ ಬಾರೋ. ಅವರೊಬ್ಬರೇ ಎಂಜಿನ್ ಬಿಚ್ತೇನಿ ಅನ್ನಾಕತ್ತಾರ. ನನಗ ಮಗಳ ಈಜಿನ ಪರೀಕ್ಷಾ ಐತಿ, ಹೋಗಾಕ ಆಗೂದಿಲ್ಲ. ನಿನಗ ಗೊತ್ತಿರೋ ಕೆಲಸ ಅಲ್ಲೇನು?"

"ಅವರು ನನ್ನ ಮಾತು ಕೇಳೂದಿಲ್ಲ ಅಕ್ಕಾ."

"ಕೇಳ್ತಾರ. ನೀ ಸ್ವಲ್ಪ ಮೆತ್ತಗ ಹೇಳು."

ಬೆಳಿಗ್ಗೆಯ ಟ್ರೈನ್ ಹಿಡಿದು ಹೋದೆ. ಕೆರೆಯ ಮೇಲೆ ಬೂದು ಮೋಡ, ಮುಖಕ್ಕೆ ಹೊಡೆಯುವ ಗಾಳಿ. ಭಾವ ಹೊಸ ನೀಲಿ ಕವರಾಲ್ ಹಾಕಿಕೊಂಡು ಬಂದಿದ್ದರು, ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಕೈಯಲ್ಲಿ ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದ ಆರು ಹಾಳೆ. ಒಂದೊಂದು ಕೆಲಸದ ಮುಂದೆ ಟಿಕ್ ಹಾಕಲು ಚೌಕ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಬೋಟು ನೀರಿನಲ್ಲಿರುವಾಗಲೇ ಎಂಜಿನ್ ಓಡಿಸಿ ಬಿಸಿ ಮಾಡಿದೆವು. ಬಿಸಿಯಾದ ಆಯಿಲ್ಲನ್ನು ಕೈಪಂಪಿನಿಂದ ಹೀರಿ ತೆಗೆದೆ. ಫಿಲ್ಟರ್ ಬದಲಾಯಿಸಿದೆ, ಹೊಸ ಆಯಿಲ್ ಹಾಕಿದೆ. ಖಾಲಿ ಜಾಗದಲ್ಲಿ ನೀರು ಹನಿಗಟ್ಟದಂತೆ ಡೀಸೆಲ್ ಟ್ಯಾಂಕ್ ಕುತ್ತಿಗೆಯವರೆಗೆ ತುಂಬಿಸಿದೆವು. ಒಂದೊಂದು ಮುಗಿದಾಗಲೂ ಭಾವ ಹಾಳೆಯ ಮೇಲೆ ಟಿಕ್ ಹಾಕಿ, "ನೆಕ್ಸ್ಟ್," ಎನ್ನುತ್ತಿದ್ದರು. ಕವರಾಲಿಗೆ ಒಂದು ಹನಿ ಆಯಿಲ್ ಬಿದ್ದಿರಲಿಲ್ಲ.

ಆಮೇಲೆ ಬೋಟನ್ನು ಕ್ರೇನಿನಲ್ಲಿ ಎತ್ತಿ ದಡದ ಮೇಲೆ ನಿಲ್ಲಿಸಬೇಕಿತ್ತು. ಅಂದು ಸಾಲಿನಲ್ಲಿ ಬಹಳ ಬೋಟುಗಳು. ಬೋಟುಕಟ್ಟೆಯ ಒಡತಿ, ಅರವತ್ತು ದಾಟಿದ ಗಟ್ಟಿ ಹೆಂಗಸು, ತಾನೇ ಕ್ರೇನ್ ನಡೆಸುತ್ತಿದ್ದಳು. ನಮ್ಮ ಸರದಿ ಬರುವ ಹೊತ್ತಿಗೆ ಮೂರು ತಾಸು ಕಳೆದಿತ್ತು. ಅಕ್ಕ ಕಟ್ಟಿಕೊಟ್ಟ ಚಪಾತಿ ತಿಂದೆವು, ಭಾವ ಕಾರಿನಲ್ಲಿ, ನಾನು ಹೊರಗೆ ಬೆಂಚಿನ ಮೇಲೆ. ಅಷ್ಟರಲ್ಲಿ ಎಂಜಿನ್ ಪೂರ್ತಿ ತಣ್ಣಗಾಗಿತ್ತು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು. ಈ ಎಂಜಿನ್ನಿಗೆ ಕಾರಿನಂತೆ ರೇಡಿಯೇಟರ್ ಇರಲಿಲ್ಲ. ಕೆರೆಯ ನೀರನ್ನೇ ಎಳೆದುಕೊಂಡು ಬ್ಲಾಕಿನೊಳಗೆಲ್ಲ, ಅಂದರೆ ಎಂಜಿನ್ನಿನ ಒಡಲಿನೊಳಗೆಲ್ಲ, ಸುತ್ತಿಸಿ ಹೊಗೆಯ ಜೊತೆ ಹಿಂದಿನಿಂದ ಉಗುಳುತ್ತಿತ್ತು. ಆ ನೀರು ಬ್ಲಾಕಿನಲ್ಲಿ ಉಳಿದರೆ, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ ಬೀಡುಕಬ್ಬಿಣವನ್ನು ಸೀಳಿಬಿಡುತ್ತದೆ. ಅದಕ್ಕೆ ನೀರು ಇಳಿಸಿ, ಹೆಪ್ಪುಗಟ್ಟದ ಕೂಲಂಟನ್ನು ಒಳಗೆ ತುಂಬಿಸಬೇಕು. ಆದರೆ ಎಂಜಿನ್ ತಣ್ಣಗಿದ್ದಾಗ ಬಿಸಿಗೆ ಮಾತ್ರ ತೆರೆಯುವ ಒಳಗಿನ ಕವಾಟ, ಥರ್ಮೋಸ್ಟಾಟ್, ಮುಚ್ಚಿರುತ್ತದೆ. ಆಗ ಹಾಕಿದ ಕೂಲಂಟ್ ಬ್ಲಾಕಿಗೆ ಹೋಗದೆ ಪಕ್ಕದ ದಾರಿಯಿಂದ ಹರಿದು ಹೊರಗೆ ಬೀಳುತ್ತದೆ. ಮೊದಲು ಬಕೆಟ್ ನೀರಿನಿಂದ ಎಂಜಿನ್ ಓಡಿಸಿ ಬಿಸಿ ಮಾಡಬೇಕು, ಆಮೇಲೆ ಕೂಲಂಟ್. ಭಾವನ ಆರು ಹಾಳೆಯಲ್ಲಿ ಅದು ಇರಲಿಲ್ಲ.

ದಡದ ಮೇಲೆ ನಿಂತ ಬೋಟಿಗೆ ಏಣಿ ಹಾಕಿ ಹತ್ತಿದೆವು. ಭಾವ ಬ್ಲಾಕಿನ ಬುಡದ ನಲ್ಲಿ ತಿರುಗಿಸಿದರು. ಒಂದು ಹನಿ ನೀರೂ ಬರಲಿಲ್ಲ.

"ಖಾಲಿ ಇದೆ," ಎಂದು ಟಿಕ್ ಹಾಕಿದರು.

"ಖಾಲಿ ಇರಲ್ಲ ಭಾವ. ತುಕ್ಕು ಕಟ್ಟಿಕೊಂಡಿರುತ್ತೆ. ತಂತಿ ಹಾಕಿ ಚುಚ್ಚಬೇಕು." ತಂತಿ ನನ್ನ ಕೈಯಲ್ಲೇ ಇತ್ತು.

"ಏನಾದ್ರೂ ಚುಚ್ಚಿ ಮುರಿದು ಹಾಕ್ತೀಯ. ಬೇಡ."

"ಮುರಿಯಲ್ಲ. ಎರಡು ನಿಮಿಷದ ಕೆಲಸ."

ಪಕ್ಕದ ಬೋಟಿನ ಡಚ್ ಮುದುಕ ಅಡಿಭಾಗದ ಪಾಚಿ ಕೆರೆಯುತ್ತಿದ್ದವನು ತಲೆ ಎತ್ತಿ, ನಲ್ಲಿ ಕಟ್ಟಿಕೊಂಡಿದೆಯಾ ಎಂದು ನನ್ನನ್ನು ಕೇಳಿದ. ಹೌದು ಎಂದೆ. ನಾವಿಬ್ಬರೂ ಡಚ್‌ನಲ್ಲಿ ಎರಡು ಮಾತಾಡಿದ್ದೇ ತಡ, ಭಾವನ ಮುಖ ಬಿಗಿಯಿತು. ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಬೋಟು ನನ್ನದು, ಇವನು ನನ್ನ ಹೆಲ್ಪರ್ ಅಷ್ಟೇ, ಏನಿದ್ದರೂ ನನ್ನ ಹತ್ತಿರ ಮಾತಾಡಿ ಎಂದರು. ಮುದುಕ ಭುಜ ಕುಣಿಸಿ ಮತ್ತೆ ಕೆರೆಯತೊಡಗಿದ.

ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು. "ನೋಡು, ನಿನ್ ಜನರೇಟರ್ ಬುದ್ಧಿ ಪೀಣ್ಯದಲ್ಲಿ ಇಟ್ಕೋ. ಇಲ್ಲಿ ಬಾಯಿ ಮುಚ್ಕೊಂಡು ಬಕೆಟ್ ಹಿಡಿ."

ನಾನು ತಂತಿಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಕೂಲಂಟ್ ತುಂಬಿದ ಬಕೆಟ್ ಎತ್ತಿ, ನೀರು ಎಳೆಯುವ ಪೈಪಿನ ತುದಿಯನ್ನು ಅದರಲ್ಲಿ ಮುಳುಗಿಸಿ ಹಿಡಿದೆ. ಭಾವ ಎಂಜಿನ್ ಚಾಲೂ ಮಾಡಿ ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. ಅರ್ಧ ನಿಮಿಷದಲ್ಲಿ ಹೊಗೆಯ ಪೈಪಿನಿಂದ ಕೂಲಂಟ್ ಹಸಿರು ಹಸಿರಾಗಿ ಬಿತ್ತು.

"ಗ್ರೀನ್ ಬಂತು, ಆಫ್ ಮಾಡು," ಎಂದು ಕೂಗಿದರು.

ಅರ್ಧ ನಿಮಿಷದಲ್ಲಿ ಬಂತೆಂದರೆ ಬ್ಲಾಕಿನೊಳಗೆ ಹೋಗಿಲ್ಲ ಎಂದೇ ಅರ್ಥ. ಎಂಜಿನ್ ಮೇಲೆ ಅಂಗೈ ಇಟ್ಟೆ. ಮಂಜಿನಷ್ಟು ತಣ್ಣಗಿತ್ತು. ಹೇಳುವುದಕ್ಕೆ ನನಗೆ ಬೇಕಾಗಿದ್ದದ್ದು ಒಂದೇ ವಾಕ್ಯ. ನಾನು ಸ್ವಿಚ್ ಆಫ್ ಮಾಡಿದೆ, ನೀರಿನ ಪಂಪಿನ ರಬ್ಬರ್ ಚಕ್ರ ಇಂಪೆಲ್ಲರನ್ನು ಬಿಚ್ಚಿ ಒರೆಸಿ ಡಬ್ಬಿಗೆ ಹಾಕಿದೆ, ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಭಾವ ಕೊನೆಯ ಚೌಕಕ್ಕೆ ಟಿಕ್ ಹಾಕಿದರು. ಆ ಟಿಕ್ ನೋಡುತ್ತಾ ನನಗಾದ ಸಂತೋಷವನ್ನು ಇಷ್ಟು ವರ್ಷವಾದರೂ ಮರೆತಿಲ್ಲ. ಬಂದವನು ಅಕ್ಕನ ಮನೆಯಲ್ಲಿ ಮೊಸರನ್ನಕ್ಕೂ ನಿಲ್ಲದೆ ಸಂಜೆಯ ಟ್ರೈನಿಗೇ ವಾಪಸು ಹೋದೆ.

ಸಿಟ್ಟಿನಲ್ಲಿ ಒಂದು ದಿನ ಸುಮ್ಮನಿದ್ದೆ ಎಂದರೆ ಯಾರಾದರೂ ಕ್ಷಮಿಸಬಹುದು. ನಾನು ಮೂರು ತಿಂಗಳು ಸುಮ್ಮನಿದ್ದೆ. ಆ ವರ್ಷ ನವೆಂಬರ್ ಬೆಚ್ಚಗಿತ್ತು, ಡಿಸೆಂಬರಿನಲ್ಲಿ ಬರೀ ಮಳೆ. ಒಂದು ಭಾನುವಾರ ಹೋಗಿ ತಂತಿ ಚುಚ್ಚಿದ್ದರೆ ಮುಗಿಯುತ್ತಿತ್ತು. ಒಂದು ಮೆಸೇಜ್ ಕಳಿಸಿದ್ದರೂ ಸಾಕಿತ್ತು. ನಾನು ಮಾಡುತ್ತಿದ್ದದ್ದು ಬೇರೆ. ಬೆಳಿಗ್ಗೆ ಎದ್ದು ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ, ವೆಲ್ಡ್‌ಹೋವನ್ನಿನದಲ್ಲ, ಆ ಕೆರೆಯ ಊರಿನದು. ಸೊನ್ನೆಗಿಂತ ಮೇಲಿದ್ದರೆ ನಿರಾಸೆಯಾಗುತ್ತಿತ್ತು.

ಜನವರಿ ಕೊನೆಗೆ ಚಳಿ ಬಂತು. ಬಂದದ್ದು ಸಾಧಾರಣ ಚಳಿಯಲ್ಲ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಮೂಗಿನ ಒಳಗೆಲ್ಲ ಸೂಜಿ ಚುಚ್ಚಿದ ಹಾಗೆ. ಕಾಲುವೆಗಳು ಹೆಪ್ಪುಗಟ್ಟಿದವು, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಸ್ಕೇಟಿಂಗ್ ಮಾತು. ನಾನು ಸೈಕಲ್ ತುಳಿಯುತ್ತಾ, ಈಗ ಒಳಗೆ ನೀರು ಹಿಗ್ಗುತ್ತಿದೆ, ಈಗ ಸೀಳಿರಬೇಕು ಎಂದುಕೊಳ್ಳುತ್ತಿದ್ದೆ.

ಫೆಬ್ರವರಿಯ ಮೊದಲ ವಾರ ಅಕ್ಕ ಫೋನ್ ಮಾಡಿದಳು. ಮನೆ ಮುಂದಿನ ಕಾಲುವೆಯ ಮೇಲೆ ಮಗಳು ನಡೆದಾಡಿದ್ದು, ಬಿದ್ದದ್ದು ಎಲ್ಲ ಹೇಳಿ, ಕೊನೆಗೆ ಕೇಳಿದಳು.

"ಇಷ್ಟ ಥಂಡಿಗೆ ಬೋಟಿನ ಎಂಜಿನ್ನಿಗೆ ಏನೂ ಆಗೂದಿಲ್ಲ ಹೌದಿಲ್ಲೋ? ನೀ ಇದ್ದಿ ಅಂತ ನನಗ ಧೈರ್ಯ."

"ಏನೂ ಆಗೂದಿಲ್ಲ ಬಿಡು," ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಫೋನಿಟ್ಟ ಮೇಲೆ ಅನ್ನಕ್ಕೆ ನೀರಿಟ್ಟೆ, ಟಿವಿ ಹಾಕಿದೆ. ಏನೂ ಅನ್ನಿಸಲಿಲ್ಲ.

ಏಪ್ರಿಲ್‌ನಲ್ಲಿ ಬೋಟನ್ನು ಮತ್ತೆ ನೀರಿಗಿಳಿಸುವ ದಿನ ಅಕ್ಕನೇ ನನ್ನನ್ನು ಕರೆದಳು. ಬೇಡವೆನ್ನಬಹುದಿತ್ತು. ಹೋಗದಿದ್ದರೆ ಭಾವನ ಮುಖ ನೋಡುವುದು ತಪ್ಪುತ್ತದಲ್ಲ ಎಂದು ಹೋದೆ. ಅಕ್ಕ ಹೊಸ ಹಗ್ಗಗಳನ್ನು ತಂದಿದ್ದಳು, ಹೊಸ ನಕಾಶೆಯನ್ನೂ. ಬೇಸಿಗೆಯಲ್ಲಿ ಒಬ್ಬಳೇ ಮಗಳನ್ನು ಕರೆದುಕೊಂಡು ಕಾಲುವೆಗಳ ಮೂಲಕ ಮೂರು ದಿನದ ದೂರ ಹೋಗುವ ಯೋಚನೆ ಮಾಡಿದ್ದಳು. ಯಾವ ಸೇತುವೆ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಪುಟ್ಟ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಆ ನಕಾಶೆಯನ್ನು ಮೊಣಕಾಲ ಮೇಲೆ ಹರಡಿ ನನಗೆ ತೋರಿಸಿದಳು. ಆ ಬೋಟು ಅವಳದು ಎಂದು ಆಗ ಮೊದಲ ಬಾರಿಗೆ ನನ್ನ ತಲೆಗೆ ಹೋಯಿತು.

ನಾನು ಇಂಪೆಲ್ಲರನ್ನು ಮತ್ತೆ ಕೂರಿಸಿದೆ, ಕ್ರೇನ್ ಬೋಟನ್ನು ಇಳಿಸಿತು. ಅಕ್ಕನೇ ಎಂಜಿನ್ ಚಾಲೂ ಮಾಡಿದಳು. ಹತ್ತಿತು. ಅವಳು ನಕ್ಕಳು. ಒಂದು ನಿಮಿಷ ಕಳೆದಿರಬೇಕು, ಎಂಜಿನ್ನಿನ ಕೆಳಗಿನಿಂದ ನೀರು ಸುರಿಯುವ ಸದ್ದು ಬಂತು. ಮುಚ್ಚಳ ತೆಗೆದರೆ ಬ್ಲಾಕಿನ ಪಕ್ಕೆಯಲ್ಲಿ ಗೇಣುದ್ದದ ಸೀಳು, ಅದರಿಂದ ಚಿಲ್ಲನೆ ಚಿಮ್ಮುವ ಕೆರೆಯ ನೀರು. ಅಕ್ಕ ಎಂಜಿನ್ ಆಫ್ ಮಾಡಿದಳು, ನಾನು ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಭಾವ ನೇರವಾಗಿ ಬೋಟುಕಟ್ಟೆಯ ಒಡತಿಯ ಮೇಲೆ ಹೋದರು. ಗಾಳಿ ಬಡಿಯುವ ಮೂಲೆಯಲ್ಲಿ ನಿಲ್ಲಿಸಿದ್ದಕ್ಕೇ ಹೀಗಾಯಿತು, ನೀನೇ ಜವಾಬ್ದಾರಿ ಎಂದು ಇಂಗ್ಲಿಷಿನಲ್ಲಿ ಕೂಗಾಡಿದರು. ಆಕೆ ಬೋಟಿಗೆ ಹತ್ತಿ, ಟಾರ್ಚ್ ಹಿಡಿದು, ಬ್ಲಾಕಿನ ಬುಡದ ನಲ್ಲಿಗೆ ತಂತಿ ಹಾಕಿ ತಿರುವಿದಳು. ಅಂಗೈಯಷ್ಟು ತುಕ್ಕು ಉದುರಿ, ಹಿಂದೆಯೇ ನೀರು ಬಂತು. ಆಮೇಲೆ ಅಕ್ಕನ ಕಡೆ ನೋಡಿ ಡಚ್‌ನಲ್ಲಿ ಏನೋ ಕೇಳಿದಳು. ಅವಳಿಗೆ ಅಕ್ಕನ ಮೇಲೆ ಪ್ರೀತಿಯಿತ್ತು.

"ಏನಂತೆ?" ಎಂದರು ಭಾವ.

"ಕೂಲಂಟ್ ಹಾಕೋಕ್ ಮುಂಚೆ ಎಂಜಿನ್ ಬಿಸಿ ಮಾಡಿದ್ರಾ ಅಂತ ಕೇಳ್ತಿದಾರೆ," ಎಂದಳು ಅಕ್ಕ. ಗಂಡನ ಜೊತೆ ಅವಳು ಮಾತಾಡುವುದು ಅವರ ಕಡೆಯ ಕನ್ನಡವನ್ನೇ. ನಂತರ ನನ್ನ ಕಡೆ ತಿರುಗಿದಳು. "ನೀ ಇದ್ದೆಲ್ಲ ಅವತ್ತ. ಬಿಸಿ ಮಾಡಿದ್ರೇನು?"

"ಇಲ್ಲ."

ಭಾವ ನನ್ನನ್ನು ದಿಟ್ಟಿಸಿದರು. "ಬಿಸಿ ಮಾಡಬೇಕು ಅಂತ ನಿನಗೆ ಗೊತ್ತಿತ್ತಾ?"

ಈ ಪ್ರಶ್ನೆಗೆ ನಾನು ಚಳಿಗಾಲವಿಡೀ ಉತ್ತರ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. "ಗೊತ್ತಿತ್ತು. ಬಾಯಿ ಮುಚ್ಕೊಂಡು ಬಕೆಟ್ ಹಿಡಿ ಅಂದ್ರಿ. ಹಿಡಿದೆ."

ಅವರು ಕೆರಳುತ್ತಾರೆ, ಕೈ ಎತ್ತಿದರೂ ಎತ್ತಬಹುದು ಎಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಅವರ ಮುಖ ಸಡಿಲವಾಯಿತು. ನೆಮ್ಮದಿಯಿಂದ ಎನ್ನುವಂತೆ ಅಕ್ಕನಿಗೆ ಹೇಳಿದರು: "ನೋಡಿದ್ಯಾ ನಿನ್ನ ತಮ್ಮನ್ನ? ನಾನು ಮೊದಲಿಂದ ಹೇಳ್ತಿರಲಿಲ್ವಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಫೆಬ್ರವರಿಯೊಳಗ ನಾ ಫೋನ್ ಮಾಡಿ ಕೇಳಿದ್ನೆಲ್ಲ?" ಎಂದಳು.

ನಾನು ಆಯಿಲ್ ಕಡ್ಡಿಯನ್ನು ಒರೆಸಿ ವಾಪಸು ಹಾಕಿದೆ.

"ನಾ ಕೇಳಿದ್ನೆಲ್ಲ?"

"ಕೇಳಿದ್ದಿ."

 ಅವಳು ಬೋಟಿನ ತಳದಲ್ಲಿ ತುಂಬುತ್ತಿದ್ದ ನೀರನ್ನು ಬಕೆಟ್ಟಿನಿಂದ ಎತ್ತಿ ಎತ್ತಿ ಹೊರಗೆ ಚೆಲ್ಲತೊಡಗಿದಳು. ನಾನು ಬಕೆಟ್ ತೆಗೆದುಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ. ಒಡತಿ ಬಗ್ಗಿ ಕೆರೆಯ ನೀರು ಒಳಬರುವ ನಲ್ಲಿಯನ್ನು ಮುಚ್ಚಿದಳು.  ಭಾವ ಮತ್ತು ನಾನು ದಂಡೆಯ ಹಲಗೆಯ ಮೇಲೆ ಮೂರು ಮಾರು ದೂರದಲ್ಲಿ ನಿಂತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ.

ಅಂಥ ಬ್ಲಾಕ್ ಬೆಸುಗೆಗೆ ಬಗ್ಗುವುದಿಲ್ಲ. ಬೇರೆ ಎಂಜಿನ್ ಹಾಕಿಸುವಷ್ಟು ಆಸೆ ಭಾವನಿಗೆ ಆ ಬೋಟಿನ ಮೇಲೆ ಉಳಿದಿರಲಿಲ್ಲ. ಎಂಜಿನ್ ಹುಡುಕಿ ನಾನೇ ಕೂರಿಸಿಕೊಡುತ್ತೇನೆ ಎಂದು ಅಕ್ಕನಿಗೆ ಎರಡು ಸಲ ಮೆಸೇಜ್ ಮಾಡಿದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ 'ಬೇಡ' ಎಂದು ಬಂತು. ಜೂನ್ ಹೊತ್ತಿಗೆ ಬೋಟು ಮಾರಿ ಹೋಯಿತು.

ವಿಚಿತ್ರವೆಂದರೆ ಭಾವ ಇದನ್ನು ಬೇಗ ಅರಗಿಸಿಕೊಂಡರು. ಮುಂದಿನ ದೀಪಾವಳಿಗೆ ಬಂದವರ ಮುಂದೆ ಅದನ್ನೇ ಕಥೆ ಮಾಡಿ ಹೇಳಿದರು: "ಡೀಸೆಲ್ ಸಾಹೇಬರಿಗೆ ಕೋಪ ಬಂದ್ರೆ ಎಂಜಿನ್ನೇ ಒಡೆದುಹೋಗುತ್ತೆ, ಹುಷಾರು." ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ಮೊದಲಿನ ಮೊನೆ ಇರಲಿಲ್ಲ. ಬಹುಶಃ ನಾನು ಅವರ ಮಟ್ಟಕ್ಕೆ ಬಂದೆ ಎಂಬ ಸಮಾಧಾನವಿರಬೇಕು. ನನಗಂತೂ ಅವರ ಮೇಲಿನ ದ್ವೇಷ ಕರಗಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾದರೂ, ಇಂದಿಗೂ ಅವರ ದನಿ ಕೇಳಿದರೆ ಹಲ್ಲು ಕಚ್ಚುತ್ತೇನೆ.

ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆ ಕರೆಯುತ್ತಿದ್ದಳು, ಬಂದರೆ ಬಡಿಸುತ್ತಿದ್ದಳು. ಆದರೆ ಏನನ್ನೂ ಕೇಳುತ್ತಿರಲಿಲ್ಲ. ಮನೆಯ ಬಾಯ್ಲರ್ ಕೆಟ್ಟಾಗ, ಕಾರು ನಿಂತಾಗ, ಮಗಳ ಸೈಕಲ್ ಗೇರ್ ಬದಲಾಯಿಸಬೇಕಾದಾಗ ಬೇರೆ ಯಾರನ್ನೋ ಕರೆಸಿದಳು. ನನ್ನ ಮದುವೆಯ ಮಾತುಕತೆಯ ಸಮಯದಲ್ಲಿ ಹುಡುಗಿಯ ಮನೆಯವರು ನನ್ನ ಸ್ವಭಾವದ ಬಗ್ಗೆ ಅವಳನ್ನು ವಿಚಾರಿಸಿದರಂತೆ. ಹುಷಾರಿದ್ದಾನೆ, ಕೆಲಸ ಗೊತ್ತು ಎಂದಳಂತೆ. ಅಷ್ಟೇ.

ಏಳು ವರ್ಷದ ಮೇಲೆ, 2019ರಲ್ಲಿ, ಅವರು ಬೆಂಗಳೂರಿಗೆ ವಾಪಸಾದರು. ಸಾಮಾನು ಕಟ್ಟಲು, ಅವರು ಕರೆಯದಿದ್ದರೂ, ನಾನು ಹೋದೆ. ಭಾವ ಮಹಡಿಯಲ್ಲಿ ಯಾರ ಜೊತೆಗೋ ಫೋನಿನಲ್ಲಿದ್ದರು. ಅಡುಗೆಮನೆಯಲ್ಲಿ ಅಕ್ಕ ಸ್ಟೀಲ್ ಡಬ್ಬಿಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು, ನಾನು ಪೆಟ್ಟಿಗೆಗೆ ಟೇಪ್ ಹಚ್ಚುತ್ತಿದ್ದೆ. ಅಂದು ಬೋಟಿನ ಬಗ್ಗೆ ಕ್ಷಮೆ ಕೇಳಿದೆ. ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. "ನೀ ಅವತ್ತ ಅವರಿಗೆ ಬೈಬೇಕಿತ್ತು," ಎಂದಳು. "ಕೊರಳಪಟ್ಟಿ ಹಿಡದು ಕೇಳಿದ್ರೂ ನಾ ಏನೂ ಅಂತಿದ್ದಿಲ್ಲ. ನನಗ್ಯಾಕ ಸುಳ್ಳ ಹೇಳಿದಿ?"

ಅದಕ್ಕೆ ನಾನು ಉತ್ತರ ತಿದ್ದಿ ಇಟ್ಟುಕೊಂಡಿರಲಿಲ್ಲ. ಮಹಡಿಯಿಂದ ಭಾವ, ಟೇಪ್ ಇನ್ನೊಂದಿದ್ದರೆ ಕಳಿಸು ಎಂದು ಕೂಗಿದರು. ಅಕ್ಕ ನನ್ನ ಕೈಯಲ್ಲಿದ್ದ ಟೇಪನ್ನು ತೆಗೆದುಕೊಂಡು ತಾನೇ ಮೆಟ್ಟಿಲು ಹತ್ತಿ ಹೋದಳು.